ಜರ್ಮನಿಯಲ್ಲಿ ಥೀಸಿಸ್ ಬರೀತಿದ್ದೀರಾ? ‘ಮೂಲ: ಗೂಗಲ್’ ಅಂತ ಮಾತ್ರ ಹಾಕಬೇಡಿ

ಮೊನ್ನೆ ಹೊಸದಾಗಿ ಬಂದ ಹುಡುಗನೊಬ್ಬ ತನ್ನ ಮಾಸ್ಟರ್ಸ್ ಥೀಸಿಸ್ ತೋರಿಸಿದ. ಚಿತ್ರಗಳ ಕೆಳಗೆಲ್ಲ ‘ಮೂಲ: ಇಂಟರ್ನೆಟ್’. ನಾನೂ ಹೀಗೇ ಮಾಡಿ ಕೈ ಸುಟ್ಟುಕೊಂಡವನು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾಪ್ಶನ್ ಎಲ್ಲಿ ಬರಬೇಕು, ನಂಬರ್ ಹೇಗೆ ಅನ್ನೋದೆಲ್ಲ ಟೆಂಪ್ಲೇಟಿನಲ್ಲೇ ಇರುತ್ತದೆ, ಬಿಡಿ. ನೀವೇ ಬಿಡಿಸಿದ ಚಿತ್ರಕ್ಕೂ ‘ಐಗೆನೆ ದಾರ್‌ಶ್ಟೆಲ್ಲುಂಗ್’, ಅಂದರೆ ನನ್ನದೇ ಚಿತ್ರ, ಅಂತ ಬರೆಯುವುದು ಇಲ್ಲಿನ ರೂಢಿ. ಬೇರೆಯವರದ್ದನ್ನು ನೋಡಿ ಬಣ್ಣ ಬದಲಿಸಿ ಬಿಡಿಸಿದರೆ ಅದು ನಿಮ್ಮದಲ್ಲ. ‘ಇನ್ ಆನ್‌ಲೇನುಂಗ್ ಆನ್’ (ಅಂದರೆ ಇಂಥವರದ್ದನ್ನು ಆಧರಿಸಿ) ಅಂತ ಹಾಕಿ ಅವರ ಹೆಸರು, ವರ್ಷ ಕೊಡಿ. ಊರಲ್ಲಿ ನಮ್ಮ ಪ್ರಾಜೆಕ್ಟ್ ರಿಪೋರ್ಟಿನ ಬೈಂಡಿಂಗ್ ನೋಡಿ ಸಹಿ ಹಾಕುತ್ತಿದ್ದರು, ಅಲ್ವಾ? ಇಲ್ಲಿ 2011ರಲ್ಲಿ ರಕ್ಷಣಾ ಸಚಿವ ಗುಟ್ಟೆನ್‌ಬರ್ಗ್ ಅವರೇ ಥೀಸಿಸ್ ನಕಲಿನಿಂದ ಡಾಕ್ಟರೇಟೂ ಕಳೆದುಕೊಂಡರು, ಕುರ್ಚಿಯೂ ಹೋಯಿತು. ಈ ಕಟ್ಟುನಿಟ್ಟು ನನಗಂತೂ ಇಷ್ಟ.

ಇಷ್ಟವಾಗದ್ದು ಹಕ್ಕು ಮುರಿದವರಿಗೆ ವಕೀಲರು ಕಳಿಸುವ ಎಚ್ಚರಿಕೆ ಕಾಗದ, ಅಂದರೆ ಆಪ್‌ಮಾನುಂಗ್. ಹಂಪಿಯ ಕಲ್ಲಿನ ರಥದ ಫೋಟೋ ಒಂದನ್ನು ವಿಕಿಪೀಡಿಯದ ಚಿತ್ರ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದು ಸೆಮಿನಾರ್ ರಿಪೋರ್ಟಿಗೆ ಹಾಕಿದ್ದೆ. ಕೆಳಗೆ ‘ಮೂಲ: ವಿಕಿಪೀಡಿಯ’, ಅಷ್ಟೇ. ಪ್ರೊಫೆಸರ್ ಏನೂ ಅನ್ನಲಿಲ್ಲ. ಆಮೇಲೆ ಸುಮ್ನೆ ಇರಲಾರದೆ ಆ ಪಿಡಿಎಫ್ ಅನ್ನು ನನ್ನ ವೆಬ್‌ಸೈಟಿಗೆ ಏರಿಸಿದೆ. ಎಂಟು ತಿಂಗಳಿಗೆ ವಕೀಲರ ಕಾಗದ ಬಂತು: ಫೋಟೋ ತೆಗೆಯಿರಿ, ದುಡ್ಡು ಕಟ್ಟಿ, ಇನ್ನು ಮುಂದೆ ಹೀಗೆ ಮಾಡಲ್ಲ ಅಂತ ಬರೆದುಕೊಡಿ. ಹೆಚ್ಚುಕಮ್ಮಿ ಒಂದು ತಿಂಗಳ ಬಾಡಿಗೆಯಷ್ಟು ಹೋಯಿತು, ಅದೂ ನಮ್ಮೂರಿನ ಪಕ್ಕದ ಕಲ್ಲಿಗೆ!

ಫೋಟೋ ಫ್ರೀ ಅನ್ನೋದೇನೋ ನಿಜ, ಆದರೆ ಷರತ್ತಿನ ಮೇಲೆ. ಹೀಗೆ ಬರೆಯಬೇಕಿತ್ತು: ‘ಚಿತ್ರ 3: ಕಲ್ಲಿನ ರಥ, ಹಂಪಿ. ಫೋಟೋ: ತೆಗೆದವರ ಹೆಸರು, ವಿಕಿಮೀಡಿಯ ಕಾಮನ್ಸ್, ಸಿಸಿ ಬಿವೈ-ಎಸ್‌ಎ 3.0, ಎಡಬದಿ ಕತ್ತರಿಸಿದೆ.’ ಜೊತೆಗೆ ಫೋಟೋಗೂ ಲೈಸೆನ್ಸಿಗೂ ಲಿಂಕ್. ಸಿಸಿ ಬಿವೈ-ಎಸ್‌ಎ ಅಂದರೆ ‘ಹೆಸರು ಹೇಳಿ, ಬದಲಿಸಿದರೆ ಅದೇ ಷರತ್ತಿನಲ್ಲಿ ಹಂಚಿ’ ಅನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ಆ 3.0, 4.0 ಲೈಸೆನ್ಸಿನ ಆವೃತ್ತಿಗಳು, ಸುಮ್ನೆ ನಂಬರಲ್ಲ. 4.0 ಆದರೆ ತಪ್ಪು ಗೊತ್ತಾದ 30 ದಿನದೊಳಗೆ ಸರಿಮಾಡಿದರೆ ಲೈಸೆನ್ಸ್ ಮತ್ತೆ ಸಿಗುತ್ತದೆ, ಹಳೆಯದರಲ್ಲಿ ಆ ಅವಕಾಶ ಇಲ್ಲ. ಹಾಗಂತ 4.0 ಇದ್ದರೂ ಆಗಿಹೋದ ತಪ್ಪಿಗೆ ದುಡ್ಡು ಕೇಳಬಹುದು.

ಕಾಗದ ಬಂದರೆ ಕಸದ ಬುಟ್ಟಿಗೆ ಹಾಕಬೇಡಿ, ಹೆದರಿ ಹಾಗೇ ಸಹಿಯನ್ನೂ ಹಾಕಬೇಡಿ. ಎಷ್ಟೋ ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿ ಸಂಘದವರೇ ಪುಕ್ಕಟೆ ಕಾನೂನು ಸಲಹೆ ಕೊಡುತ್ತಾರೆ, ಮೊದಲು ಅಲ್ಲಿ ತೋರಿಸಿ.

ಇನ್ನೊಂದು. ಚಿತ್ರದ ಬಗ್ಗೆಯೇ ಚರ್ಚೆ ಮಾಡುತ್ತಿದ್ದರೆ ಇಲ್ಲಿನ ಕಾಪಿರೈಟ್ ಕಾನೂನಿನ 51ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆಯೂ ಬಳಸಬಹುದು, ಮೂಲ ಹೇಳಿದರೆ ಸಾಕು. ಮುಖಪುಟದ ಅಂದಕ್ಕೆ ಹಾಕುವುದು ಇದರಲ್ಲಿ ಬರಲ್ಲ.

ಕಳೆದ ರಜೆಯಲ್ಲಿ ಹಂಪಿಗೆ ಹೋಗಿ ಅದೇ ರಥದ ಫೋಟೋ ನಾನೇ ತೆಗೆದುಕೊಂಡು ಬಂದೆ. ಮುಂದೆ ಅಮ್ಮ ನಿಂತಿದ್ದಾರೆ. ಗುರುತು ಸಿಗುವ ಮುಖ ಇದ್ದರೆ ಅವರ ಒಪ್ಪಿಗೆಯೂ ಬೇಕಂತೆ, ಫೋನ್ ಮಾಡಿ ಕೇಳಿದೆ. ಸೀರೆ ಚೆನ್ನಾಗಿ ಕಾಣಿಸಿದರೆ ಹಾಕಿಕೋ ಅಂದರು.