ಪಾಯೆಸ್ ಕಂಡದ್ದು ಯಾವುದು, ಕೇಳಿದ್ದು ಯಾವುದು?

ಪೋರ್ಚುಗಲ್ಲಿನ ಪ್ರವಾಸಿ ಡೊಮಿಂಗೋ ಪಾಯೆಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಆಗ ಆಳುತ್ತಿದ್ದವನು ಕೃಷ್ಣದೇವರಾಯ. ಪ್ರತಿ ವರ್ಷ ಒಂಬತ್ತನೇ ತರಗತಿಗೆ ನಾನು ಪಾಯೆಸ್ ಈ ಊರಿನ ಬಗ್ಗೆ ಬರೆದದ್ದರಲ್ಲಿ ಒಂದು ಪುಟ ಓದಿಸುತ್ತೇನೆ. ಒಂದೇ ಪುಟ ಸಾಕು. ಜಾಸ್ತಿ ಕೊಟ್ಟರೆ ಮಕ್ಕಳು ಕಥೆ ಓದಿದ ಹಾಗೆ ಓದಿ ಮುಗಿಸಿಬಿಡುತ್ತಾರೆ.

ಅವನು ಬರೆದದ್ದು ಪೋರ್ಚುಗೀಸಿನಲ್ಲಿ. ಬ್ರಿಟಿಷ್ ಇತಿಹಾಸಕಾರ ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ನಾನು ಕೊಡುವುದು ಅದರ ಕನ್ನಡ. ನೀವೂ ತರಗತಿಯಲ್ಲಿ ಓದಿಸುವುದಾದರೆ ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

'ಇದು ನಿಜವೋ ಸುಳ್ಳೋ?' ಎಂದು ಮಾತ್ರ ಕೇಳಬೇಡಿ. ಮೊದಲ ವರ್ಷ ನಾನು ಹಾಗೆ ಕೇಳಿ, ಇಡೀ ಪಿರಿಯಡ್ ಜಗಳದಲ್ಲೇ ಹೋಯಿತು. ಈಗ ಬಣ್ಣದ ಪೆನ್ಸಿಲ್ ಕೊಡುತ್ತೇನೆ. ಕಣ್ಣಾರೆ ಕಂಡದ್ದಕ್ಕೆ ಹಸಿರು ಗೆರೆ, ಅಂದಾಜಿಗೆ ನೀಲಿ, ಯಾರೋ ಹೇಳಿದ್ದಕ್ಕೆ ಕೆಂಪು.

ಇದಕ್ಕೆ ಕೆರೆಯ ಭಾಗ ಬಹಳ ಒಳ್ಳೆಯದು. ಕೆರೆ ಕೆಲಸದಲ್ಲಿ ಜನ ಇರುವೆಗಳ ಹಾಗೆ ತುಂಬಿದ್ದರು, ನೆಲವೇ ಕಾಣುತ್ತಿರಲಿಲ್ಲ ಅನ್ನುತ್ತಾನೆ. ಹಸಿರು. ಹದಿನೈದು ಇಪ್ಪತ್ತು ಸಾವಿರ ಜನ ಇರಬೇಕು ಅನ್ನುತ್ತಾನೆ. ನೀಲಿ. ಕೆರೆ ಎರಡು ಮೂರು ಸಲ ಒಡೆಯಿತು, ದೇವರು ಬಲಿ ಕೇಳಿತು, ರಾಜ ಅರವತ್ತು ಜನರ ತಲೆ ತೆಗೆಸಿದ ಅನ್ನುತ್ತಾನೆ. ಇದಕ್ಕೆ ಯಾವ ಬಣ್ಣ? ಇಲ್ಲಿ ತರಗತಿ ಸುಮ್ಮನಾಗುತ್ತದೆ. ಉತ್ತರ ಹೇಳಿಕೊಡಬೇಡಿ. 'ನಾನು ಕಂಡೆ ಅಂತ ಎಲ್ಲಿದೆ, ಬೆರಳಿಟ್ಟು ತೋರಿಸು' ಅನ್ನಿ. ಆ ಮಾತು ಕೆಲಸಗಾರರ ಸಾಲಿನಲ್ಲಿದೆ, ಬಲಿಯ ಸಾಲಿನಲ್ಲಿ ಇಲ್ಲ. ಇದು ಮಕ್ಕಳಿಗೇ ಸಿಗಬೇಕು. ಆಮೇಲೆ ನೂನಿಜ್ ಬರೆದದ್ದನ್ನು ಓದಿ. ಅವನೂ ಪೋರ್ಚುಗೀಸನೇ, ಹದಿನೈದು ವರ್ಷ ಆದಮೇಲೆ ಬರೆದವನು. ಅವನೂ ಬಲಿಯ ಮಾತು ಹೇಳುತ್ತಾನೆ, ಆದರೆ ಸತ್ತವರು ಮರಣದಂಡನೆಗೆ ತಕ್ಕ ಕೈದಿಗಳು ಅನ್ನುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ.

ರಾಜನ ಮುಖದಲ್ಲಿ ಸಿಡುಬಿನ ಕಲೆ ಇತ್ತು ಎಂದೂ ಪಾಯೆಸ್ ಬರೆದಿದ್ದಾನೆ. ಬರೀ ಹೊಗಳುವವನು ಇದನ್ನು ಬರೆಯುತ್ತಿರಲಿಲ್ಲ, ಅಲ್ವಾ?

ಊರು ರೋಮ್‌ನಷ್ಟು ದೊಡ್ಡದು ಅನ್ನುತ್ತಾನೆ. ರೋಮ್ ಯಾಕೆ ಬಂತು? ನಮ್ಮೂರ ಜಾತ್ರೆಯನ್ನು ಅದನ್ನು ಕಾಣದವರಿಗೆ ವಿವರಿಸಿ ಬರೆಯಲು ಹೇಳಿ. ಒಬ್ಬ ಹುಡುಗ 'ತೇರು ನಾಲ್ಕು ಮಹಡಿ ಮನೆಯಷ್ಟು ಎತ್ತರ' ಎಂದು ಬರೆದ. ಅವನಿಗೆ ರೋಮ್ ಆಗಲೇ ಅರ್ಥವಾಯಿತು.

ಬೆಟ್ಟ ಹತ್ತಿ ನೋಡಿದರೂ ಊರು ಪೂರ್ತಿ ಕಾಣಲಿಲ್ಲ, ಗುಡ್ಡಗಳ ಸಾಲು ಅಡ್ಡ ಬಂತು ಎಂದು ಪಾಯೆಸ್ ಒಪ್ಪಿಕೊಳ್ಳುತ್ತಾನೆ. ನನಗೆ ತುಂಬಾ ಇಷ್ಟವಾದ ಸಾಲು ಅದು. ಕಳೆದ ವರ್ಷ ಮಕ್ಕಳನ್ನು ಹಂಪಿಯ ಮತಂಗ ಬೆಟ್ಟ ಹತ್ತಿಸಿದೆ. ಪುಟ ಕೈಯಲ್ಲೇ ಇತ್ತು. ಒಬ್ಬಳು ಸುತ್ತ ನೋಡಿ, 'ನನಗೂ ಪೂರ್ತಿ ಕಾಣಿಸ್ತಿಲ್ಲ ಸರ್' ಅಂದಳು. ಅಲ್ಲೇ ಕೂತು ಆ ಸಾಲಿಗೆ ಹಸಿರು ಗೆರೆ ಎಳೆದಳು.