ಗುರು ಬೇಕೇ? ನನ್ನ ಮಟ್ಟಿಗೆ ಆದದ್ದು

ಜಗನ್ನಾಥದಾಸರ ಹರಿಭಕ್ತಿಯ ಕಾವ್ಯ ಹರಿಕಥಾಮೃತಸಾರ ಓದಲು ಶುರು ಮಾಡಿದಾಗ ನನಗೆ ಗುರು ಅಂತ ಯಾರೂ ಇರಲಿಲ್ಲ. ಸಂಜೆ ದೀಪ ಹಚ್ಚಿ ಒಂದು ಸಂಧಿ, ಅಂದರೆ ಒಂದು ಅಧ್ಯಾಯ, ಓದುವುದು, ಅಷ್ಟೇ. 'ಗುರುವಿನಿಂದ ಉಪದೇಶ ಆಗದೆ ಇದನ್ನೆಲ್ಲ ಓದಬಾರದು' ಎಂದರು ನೆಂಟರೊಬ್ಬರು. ಸುಮ್ನೆ ತಲೆಯಾಡಿಸಿದೆ. ಓದು ಮಾತ್ರ ನಿಲ್ಲಿಸಲಿಲ್ಲ.

ಕರುಣಾ ಸಂಧಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಮಲಗಿ ಹಾಡಿದರೆ ಹರಿ ಕುಳಿತು ಕೇಳುತ್ತಾನೆ, ಕುಳಿತು ಹಾಡಿದರೆ ಎದ್ದು ನಿಲ್ಲುತ್ತಾನೆ, ನಿಂತು ಹಾಡಿದರೆ ನಲಿಯುತ್ತಾನೆ ಎನ್ನುತ್ತಾರೆ ಜಗನ್ನಾಥದಾಸರು. ಅಂಥವನ ಹತ್ತಿರ ಹೋಗಲು ಶಿಫಾರಸು ಯಾಕೆ ಬೇಕು? ಭಾಮಿನಿ ಷಟ್ಪದಿಯ ಲಯ ಬಾಯಿಗೆ ಕೂತರೆ ಸಾಕು.

ಭೋಜನರಸವಿಭಾಗ ಸಂಧಿಗೆ ಬಂದಾಗ ತಡವರಿಸಿದೆ. ಊಟದ ಯಾವ ಪದಾರ್ಥಕ್ಕೆ ಯಾವ ದೇವತೆ, ಅದರಲ್ಲಿ ಹರಿಯ ಯಾವ ರೂಪ ಎಂದು ಸಾಲುಸಾಲಾಗಿ ಬರುತ್ತದೆ. ಅರ್ಥದ ಪುಸ್ತಕದಲ್ಲಿ ಎಲ್ಲದಕ್ಕೂ ಉತ್ತರವಿತ್ತು. ಆದರೆ ತಟ್ಟೆ ಮುಂದೆ ಕೂತಾಗ ಇಷ್ಟನ್ನೂ ನೆನೆಯುವುದು ಹೇಗೆ? ನಮ್ಮ ಭಜನಾ ಮಂಡಳಿಯ ಹಿರಿಯರೊಬ್ಬರನ್ನು ಕೇಳಿದೆ. 'ಅನ್ನದ್ದೊಂದನ್ನು ಹಿಡಿದುಕೊಳ್ಳಿ. ಅದು ತಾನಾಗಿ ನೆನಪಾಗತೊಡಗಿದ ಮೇಲೆ ತುಪ್ಪಕ್ಕೆ ಬನ್ನಿ' ಎಂದರು. ನನಗೆ ಎಷ್ಟು ಸಾಕು ಎಂದು ಪುಸ್ತಕ ಹೇಳುವುದಿಲ್ಲ. ಎದುರಿಗೆ ಒಬ್ಬರು ಇರಬೇಕಾದದ್ದು ಇಲ್ಲೇ ಎಂದು ನನಗನಿಸಿತು.

ಎದುರಿಗೇ ಇರಬೇಕಾ ಎಂದರೆ ದಾಸರ ಪರಂಪರೆಯ ಉತ್ತರ ಇನ್ನೂ ಸ್ವಾರಸ್ಯವಾಗಿದೆ. ವಿಜಯದಾಸರಿಗೆ ಪುರಂದರದಾಸರು ಕನಸಿನಲ್ಲಿ ಬಂದು ಅಂಕಿತ (ಹಾಡಿನ ಕೊನೆಗೆ ಬರುವ ಮುದ್ರಿಕೆಯ ಹೆಸರು) ಕೊಟ್ಟರು ಎನ್ನುತ್ತಾರೆ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ, ವಿಜಯದಾಸರು ಹುಟ್ಟಿದ್ದು 1682ರಲ್ಲಿ! ಅದೇ ಪರಂಪರೆಯಲ್ಲಿ ಗೋಪಾಲದಾಸರು ವಿಜಯದಾಸರ ನೇರ ಶಿಷ್ಯರು. ಸಂಸ್ಕೃತ ಪಂಡಿತರಾಗಿದ್ದ ಜಗನ್ನಾಥದಾಸರೂ ಗೋಪಾಲದಾಸರ ಹತ್ತಿರ ಹೋಗಿಯೇ ಕನ್ನಡಕ್ಕೆ ಬಂದವರು. ಅವರ ಕೃತಿ ಶುರುವಾಗುವುದೇ 'ಗುರುಗಳ ಕರುಣದಿಂದ' ಹೇಳುತ್ತೇನೆ ಎಂದು. ಆ ಸಾಲನ್ನು ಪಲ್ಲವಿಯಾಗಿ ಹಾಡುತ್ತಾ ನನಗೆ ಗುರು ಬೇಡ ಅನ್ನುವುದು ಕಷ್ಟ, ಅಲ್ವಾ?

ನಾನು ಇಟ್ಟುಕೊಂಡಿರುವ ಕ್ರಮ ಇಷ್ಟು. ನಾಮಸ್ಮರಣೆಗೆ, ದೇವರನಾಮಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಮಂತ್ರಜಪವನ್ನು ಮಾತ್ರ ಯೂಟ್ಯೂಬ್ ನೋಡಿ ಮಾಡುವುದಿಲ್ಲ, ಅದು ಉಪದೇಶವಾಗಿಯೇ ಬರಬೇಕು. ತಾನೇ ಹುಡುಕಿಕೊಂಡು ಬಂದು 'ನಿನಗೆ ನಾನೇ ಗುರು' ಅನ್ನುವವರಿಂದ ದೂರ. ಅಂಥವರು ಈಚೆಗೆ ಜಾಸ್ತಿ.

ಆಷಾಢದ ಪ್ರಥಮ ಏಕಾದಶಿಗೆ ಮಠಕ್ಕೆ ಹೋಗಿ ತಪ್ತಮುದ್ರೆ, ಅಂದರೆ ಕಾಯಿಸಿದ ಶಂಖಚಕ್ರಗಳ ಮುದ್ರೆ, ಮೈಮೇಲೆ ಹಾಕಿಸಿಕೊಂಡು ಬರುತ್ತೇನೆ. ಮಂತ್ರೋಪದೇಶ ಇನ್ನೂ ಕೇಳಿಲ್ಲ. ಈಗಿನ ಓದಿಗೆ ಅದು ಬೇಕು ಅನಿಸಿಲ್ಲ. ಅನಿಸಿದಾಗ ಕೇಳುತ್ತೇನೆ.