ಖಾನಾವಳಿಯ ಬಂಗಡೆ ಸಾರನ್ನು ಒಂಟಿ ಒಲೆಯ ಮನೆಗೆ ತರುವ ಬಗೆ

ನನ್ನ ಬಿಡಾರ ಕುಮಟೆಯಲ್ಲಿ. ಔಷಧ ಕಂಪನಿಯೊಂದರ ಪ್ರತಿನಿಧಿಯಾದ ನನಗೆ ವಾರದಲ್ಲಿ ಎರಡು ದಿನ ಕಾರವಾರ, ಒಂದು ದಿನ ಅಂಕೋಲಾ, ಒಂದು ದಿನ ದೇವಿಮನೆ ಘಟ್ಟ ಹತ್ತಿ ಶಿರಸಿ. ಮಧ್ಯಾಹ್ನ ಒಂದಕ್ಕೆ ಡಾಕ್ಟರರು ಊಟಕ್ಕೆ ಎದ್ದರೆ ಮತ್ತೆ ಸಿಗುವುದು ನಾಲ್ಕರ ಮೇಲೆ. ನಡುವಿನ ಮೂರು ತಾಸು ನನ್ನದು. ಆ ಹೊತ್ತಿನಲ್ಲಿ ಈ ಊರುಗಳ ಖಾನಾವಳಿಗಳನ್ನು ಹನ್ನೊಂದು ವರ್ಷಗಳಿಂದ ಒಂದೊಂದಾಗಿ ಉಂಡು ನೋಡುತ್ತಾ ಬಂದಿದ್ದೇನೆ. ರಾತ್ರಿ ಬಿಡಾರಕ್ಕೆ ಮರಳಿದರೆ ಅಲ್ಲಿರುವುದು ಒಂದೇ ಒಲೆ, ಒಂದು ಚಿಕ್ಕ ಮಿಕ್ಸರ್, ಎರಡು ಪಾತ್ರೆ, ಒಂದು ಬೀಡಿನ ಕಾವಲಿ. ಮಧ್ಯಾಹ್ನ ಮೆಚ್ಚಿದ ರುಚಿಯನ್ನು ಇಷ್ಟೇ ಸಾಮಾನಿನಲ್ಲಿ ಮನೆಗೆ ತರಬಹುದು. ಅದಕ್ಕೆ ಉಣ್ಣುವಾಗಲೇ ಸ್ವಲ್ಪ ಎಚ್ಚರ ಬೇಕು.

ಮೊದಲು ಜಾಗ ಆರಿಸಿ. ಕಾರವಾರದಲ್ಲಾದರೆ ಮೀನು ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರದ, ಆರೇಳು ಮೇಜಿನ, ಮನೆಯವರೇ ನಡೆಸುವ ಖಾನಾವಳಿ ಹುಡುಕಿ. ಇವತ್ತು ಏನು ಮೀನಿದೆ ಎಂದು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದಿದ್ದರೆ ಒಳಗೆ ಹೋಗಿ. ಇಸವಣ, ಪಾಪ್ಲೆಟ್, ಸೀಗಡಿ ಎಂದು ವರ್ಷಕ್ಕೊಂದೇ ಪಟ್ಟಿ ಅಚ್ಚು ಹಾಕಿಸಿದ ಜಾಗ ನನಗೆ ಅಷ್ಟು ಒಗ್ಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಹಲಗೆಯ ಮೇಲೆ ಒಣಮೀನಿನ ಹೆಸರೋ ಹೊಳೆಮೀನಿನ ಹೆಸರೋ ಕಂಡರೆ ಅಡುಗೆಯವರು ಕಾಲ ನೋಡಿ ಅಡುಗೆ ಮಾಡುವವರು ಎಂದು ತಿಳಿಯಿರಿ. ಅಂಥವರಿಂದ ಕಲಿಯುವುದು ಬಹಳ ಇರುತ್ತದೆ.

ಒಂದೇ ಪದಾರ್ಥವನ್ನು ಒಂದೇ ಕಡೆ ಮೂರು ಸಲ ಉಣ್ಣಿ. ಇದು ನನ್ನ ಗಟ್ಟಿ ನಿಯಮ. ಮೊದಲ ಸಲ ಹಸಿವು ಉಣ್ಣುತ್ತದೆ, ನಾಲಿಗೆಗೆ ಏನೂ ನೆನಪಿರುವುದಿಲ್ಲ. ಎರಡನೇ ಸಲ ಹುರಿದ ಮೀನು, ಉಪ್ಪಿನಕಾಯಿ, ಸೋಲ್ ಕಡಿ ಯಾವುದನ್ನೂ ಮುಟ್ಟುವ ಮುಂಚೆ ಕುಚ್ಚಲಕ್ಕಿ ಅನ್ನಕ್ಕೆ ಬರೀ ಸಾರು ಕಲಸಿ ನಾಲ್ಕು ತುತ್ತು ಉಣ್ಣಿ. ಹುಳಿ ಹುಣಸೆಯದೋ ಮುರುಗಲಿನದೋ, ಅಂದರೆ ಕೋಕಂನದೋ, ಆಗ ಗೊತ್ತಾಗುತ್ತದೆ. ಹುಣಸೆಯಾದರೆ ನಾಲಿಗೆಯ ಬದಿಗೆ ತಾಗಿ ಉಳಿಯುತ್ತದೆ, ಮುರುಗಲಾದರೆ ಹಗುರವಾಗಿ ಬಂದು ಬಾಯಲ್ಲಿ ಸ್ವಲ್ಪ ಒಗರು ಬಿಡುತ್ತದೆ. ಮೂರನೇ ಸಲ ಸಾರಿನ ಬಟ್ಟಲನ್ನು ಓರೆ ಮಾಡಿ ತಳ ನೋಡಿ. ಕಾರವಾರದ ಒಂದು ಖಾನಾವಳಿಯಲ್ಲಿ ನಾನು ಹಾಗೆ ನೋಡಿದಾಗ ಕಂಡದ್ದು: ಅಂಚಿನಲ್ಲಿ ಕೂದಲೆಳೆಯಷ್ಟು ಕೊಬ್ಬರಿ ಎಣ್ಣೆಯ ಗೆರೆ, ತಳದಲ್ಲಿ ಒಂದು ಕಣವೂ ಉಳಿಯದಷ್ಟು ನುಣ್ಣಗಿನ ಕಾಯಿ, ನಡುವೆ ಬಾಯಿ ತೆರೆದ ಪುಟ್ಟ ಸಿಪ್ಪೆಗಳು ಮೂರು. ಸಾಸಿವೆ ಇಲ್ಲ, ಕರಿಬೇವು ಇಲ್ಲ, ಈರುಳ್ಳಿಯ ಸುಳಿವೂ ಇಲ್ಲ. ಅರ್ಧ ಪಾಕವಿಧಾನ ಆ ಬಟ್ಟಲಿನಲ್ಲೇ ಸಿಕ್ಕಿತ್ತು.

ಉಳಿದರ್ಧಕ್ಕೆ ಬಾಯಿ ಬಿಟ್ಟು ಕೇಳಬೇಕು. ಹನ್ನೆರಡೂವರೆಗೆ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಎರಡೂಮುಕ್ಕಾಲಿಗೆ, ಅಡುಗೆಯವರು ತಾವು ಉಂಡು ಕೈ ತೊಳೆದ ಮೇಲೆ ಕೇಳಿ. ‘ಏನೇನು ಹಾಕುತ್ತೀರಿ’ ಎಂದರೆ ತೆಂಗು, ಮೆಣಸು, ಹುಳಿ ಎನ್ನುತ್ತಾರೆ. ಅದು ನಿಮಗೂ ಗೊತ್ತಿರುವುದೇ. ‘ಯಾವಾಗ ಹಾಕುತ್ತೀರಿ’ ಎಂದು ಕೇಳಿ ನೋಡಿ, ಮಾತು ಬೇರೆಯೇ ಬರುತ್ತದೆ. ನಮ್ಮ ಕರಾವಳಿಯ ಅಡುಗೆಯಲ್ಲಿ ಸಾಮಾನು ಬಹಳ ಕಡಿಮೆ. ರುಚಿಯೆಲ್ಲ ಯಾವುದು ಮುಂಚೆ, ಯಾವುದು ಆಮೇಲೆ ಎಂಬುದರಲ್ಲಿ ಇದೆ ಎಂದು ನನಗೆ ತಿಳಿದದ್ದು ಜುಮ್ಮನಕಾಯಿಯಿಂದ.

ಬಟ್ಟಲಿನ ತಳದಲ್ಲಿ ಕಂಡ ಸಿಪ್ಪೆ ಅದೇ. ಕೊಂಕಣಿಯಲ್ಲಿ ತೆಫಳ ಎನ್ನುತ್ತಾರೆ. ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡ ಕಾಯಿ, ಒಣಗಿದಾಗ ಸಿಪ್ಪೆ ಬಿರಿದು ಒಳಗಿನ ಹೊಳೆಯುವ ಕಪ್ಪು ಬೀಜ ಕಾಣುತ್ತದೆ. ಮೊದಲ ಸಲ ನಾನು ಬೀಜಸಮೇತ ಇಪ್ಪತ್ತು ಕಾಯಿಗಳನ್ನು ಮಸಾಲೆಯ ಜೊತೆ ಅರೆದೆ. ಸಾರು ಕಹಿಯಾಯಿತು, ಹಲ್ಲಿಗೆ ಮರಳು ಸಿಕ್ಕ ಹಾಗೆ ಆಯಿತು, ನಾಲಿಗೆ ಜೋಮು ಹಿಡಿಯಿತು. ತಾಜಾ ಬಂಗಡೆ ಹಾಳು ಮಾಡಿದ ಬೇಸರ ಎರಡು ದಿನ ಹೋಗಲಿಲ್ಲ. ಮುಂದಿನ ವಾರ ಕಾರವಾರದ ಅದೇ ಖಾನಾವಳಿಯಲ್ಲಿ ಅಡುಗೆಯ ಅಕ್ಕನಿಗೆ ಹೇಳಿದೆ. ಅವರು ಒಳಗಿನಿಂದ ಒಂದು ಹಿಡಿ ಕಾಯಿ ತಂದು ಮೇಜಿನ ಮೇಲೆ ಸುರಿದು, ಒಂದೊಂದರ ಬೀಜವನ್ನು ಹೆಬ್ಬೆರಳ ಉಗುರಿನಿಂದ ಹಾರಿಸುತ್ತಾ ಹೋದರು. ‘ಬೀಜ ಎಸೆಯುವುದಕ್ಕೆ ತಮ್ಮ, ಘಮ ಇರುವುದು ಸಿಪ್ಪೆಯಲ್ಲಿ. ಅರೆಯಬೇಡ, ಬಿಸಿನೀರಿನಲ್ಲಿ ನೆನೆಹಾಕಿ ಬೆರಳಲ್ಲಿ ಹಿಸುಕು. ಒಲೆ ಆರಿಸುವ ಹೊತ್ತಿಗೆ ಹಾಕು’ ಎಂದರು. ಒಂದು ಸಿಪ್ಪೆಯನ್ನು ಹಿಸುಕಿ ನನ್ನ ಮೂಗಿನ ಹತ್ತಿರ ಹಿಡಿದರು. ಕಿತ್ತಳೆ ಸಿಪ್ಪೆ ಮುರಿದಾಗ ಬರುವಂಥದೇ ವಾಸನೆ, ಜೊತೆಗೆ ಸ್ವಲ್ಪ ಖಾರ. ಹೆಚ್ಚು ಕುದಿಸಿದರೆ ಹಬೆಯ ಜೊತೆ ಹೋಗುವುದೂ ಇದೇ ಘಮ.

ಇನ್ನು ಇಬ್ಬರಿಗೆ ಆಗುವಷ್ಟು ಬಂಗಡೆ ಸಾರು. ಮಧ್ಯಮ ಗಾತ್ರದ ಬಂಗಡೆ ಮೂರು, ಅರ್ಧ ತೆಂಗಿನಕಾಯಿಯ ತುರಿ, ಬ್ಯಾಡಗಿ ಮೆಣಸು ಎಂಟು, ಅರಿಶಿನ ಕಾಲು ಚಮಚ, ಅಡಿಕೆ ಗಾತ್ರದ ಹುಣಸೆ, ಜುಮ್ಮನಕಾಯಿ ಹತ್ತು, ಕೊಬ್ಬರಿ ಎಣ್ಣೆ ಒಂದು ಚಮಚ, ಉಪ್ಪು. ಖಾರ ಬೇಕೆನ್ನುವವರು ಗುಂಟೂರು ಮೆಣಸು ಎರಡು ಸೇರಿಸಿಕೊಳ್ಳಿ, ಬ್ಯಾಡಗಿ ಕೊಡುವುದು ಬಣ್ಣವನ್ನೇ ಹೆಚ್ಚು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿರಬೇಕು. ಬೆರಳಿನಿಂದ ಒತ್ತಿದ ಜಾಗ ಕೂಡಲೇ ಮೇಲೆ ಬರಬೇಕು. ಬಂಗಡೆ ಬೇಗ ಕೆಡುವ ಮೀನು, ಆದ್ದರಿಂದ ನಾನು ಕಾರವಾರದಿಂದ ಕುಮಟೆಗೆ ಹೊತ್ತು ತರುವುದಿಲ್ಲ, ಕುಮಟೆಯಲ್ಲೇ ಕೊಳ್ಳುತ್ತೇನೆ.

ಬೀಜ ತೆಗೆದ ಜುಮ್ಮನಕಾಯಿಯನ್ನು ಅರ್ಧ ಲೋಟ ಬಿಸಿನೀರಿಗೆ ಮೊದಲೇ ಹಾಕಿಡಿ. ಕಾವಲಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಮೆಣಸನ್ನು ಸಣ್ಣ ಉರಿಯಲ್ಲಿ ಗರಿಯಾಗುವಷ್ಟು ಹುರಿಯಿರಿ. ಕಪ್ಪಾದ ಮೆಣಸು ಇದ್ದರೆ ತೆಗೆದು ಎಸೆಯಿರಿ, ಒಂದೇ ಸಾಕು ಇಡೀ ಸಾರನ್ನು ಕಹಿ ಮಾಡಲು. ತೆಂಗನ್ನು ಹುರಿಯುವುದು ಬೇಡ. ತೆಂಗು, ಮೆಣಸು, ಅರಿಶಿನ, ಹುಣಸೆ ಸೇರಿಸಿ ನುಣ್ಣಗೆ ಅರೆದು, ಒಂದೂವರೆ ಲೋಟ ನೀರು ಸೇರಿಸಿ ಸ್ಟೀಲ್ ಪಾತ್ರೆಗೋ ಮಣ್ಣಿನ ಗಡಿಗೆಗೋ ಹಾಕಿ. ಅಲ್ಯೂಮಿನಿಯಂ ಬೇಡ, ಹುಣಸೆಯ ಹುಳಿಗೆ ಅದು ಕರಗಿ ಸಾರಿಗೆ ಲೋಹದ ರುಚಿ ಬರುತ್ತದೆ. ಉಪ್ಪು ಹಾಕಿ ನಡು ಉರಿಯಲ್ಲಿ ಐದಾರು ನಿಮಿಷ ಕುದಿಸಿ. ಮೇಲಿನ ನೊರೆ ಇಳಿದು, ಹಸಿ ತೆಂಗಿನ ವಾಸನೆ ಹೋಗಿ, ಬಣ್ಣ ಒಂದು ಪಟ್ಟು ಗಾಢವಾದಾಗ ಮಾತ್ರ ಮೀನು ಹಾಕಿ. ಉಪ್ಪಿನ ಬಗ್ಗೆ ಒಂದು ಮಾತು: ನಾನು ಬಳಸುವುದು ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳುಪ್ಪು. ಹರಳಿನ ನಡುವೆ ಸಂದು ಇರುವುದರಿಂದ ಒಂದು ಚಮಚ ಹರಳುಪ್ಪಿನಲ್ಲಿ ಪುಡಿ ಉಪ್ಪಿನಷ್ಟು ತೂಕ ಇರುವುದಿಲ್ಲ. ಪ್ಯಾಕೆಟ್ಟಿನ ಉಪ್ಪು ಬಳಸುವವರು ಸ್ವಲ್ಪ ಕೈ ಹಿಡಿಯಿರಿ.

ಮೀನು ಹಾಕಿದ ಮೇಲೆ ಸೌಟು ಆಡಿಸಬೇಡಿ. ಪಾತ್ರೆಯ ಎರಡೂ ಬದಿ ಬಟ್ಟೆಯಿಂದ ಹಿಡಿದು ಒಮ್ಮೆ ತಿರುಗಿಸಿದಂತೆ ಅಲುಗಿಸಿದರೆ ಸಾಕು. ಮುಚ್ಚಳ ಇಡದೆ ಸಣ್ಣ ಉರಿಯಲ್ಲಿ ಆರು ನಿಮಿಷ ಬೇಯಿಸಿ. ಜುಮ್ಮನಕಾಯಿಯ ಸಿಪ್ಪೆಯನ್ನು ನೆನೆದ ನೀರಿನಲ್ಲೇ ಬೆರಳಿನಿಂದ ಚೆನ್ನಾಗಿ ಹಿಸುಕಿ, ನೀರುಸಹಿತ ಸಾರಿಗೆ ಸುರಿಯಿರಿ. ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ, ಹಸಿ ಕೊಬ್ಬರಿ ಎಣ್ಣೆ ಮೇಲೆ ಹರಿಸಿ, ಈಗ ಮುಚ್ಚಳ ಮುಚ್ಚಿ. ಅರ್ಧ ತಾಸು ತೆರೆಯಬೇಡಿ. ಆ ಅರ್ಧ ತಾಸಿನಲ್ಲಿ ಅದೇ ಒಲೆಯ ಮೇಲೆ ಅನ್ನ ಆಗುತ್ತದೆ. ಸಾರನ್ನು ಮುಂಚೆ, ಅನ್ನವನ್ನು ಆಮೇಲೆ ಮಾಡುವುದು ಒಂಟಿ ಒಲೆ ನನಗೆ ಕಲಿಸಿದ ಕ್ರಮ. ಕುಚ್ಚಲಕ್ಕಿ ಬೇಯಲು ಹೆಚ್ಚು ಹೊತ್ತು ಬೇಕಾದ್ದರಿಂದ ಸಾರಿಗೂ ಅಷ್ಟೇ ಬಿಡುವು ಸಿಗುತ್ತದೆ.

ರವಾ ಹಚ್ಚಿ ಹುರಿಯುವ ಮೀನಿಗೆ ಇಷ್ಟು ಹೇಳಬೇಕಿಲ್ಲ. ಉಪ್ಪು, ಅರಿಶಿನ, ಮೆಣಸಿನ ಪುಡಿ, ನೆನೆಸಿದ ಮುರುಗಲಿನ ರಸ ಸವರಿ ಕಾಲು ತಾಸು ಬಿಡಿ. ಸಣ್ಣ ರವೆಯಲ್ಲಿ ಹೊರಳಿಸಿ, ಕಾದ ಕಾವಲಿಯಲ್ಲಿ ಒಂದು ಬದಿ ಪೂರ್ತಿ ಕೆಂಪಾಗುವವರೆಗೆ ಮುಟ್ಟದೆ ಬಿಟ್ಟು, ಒಂದೇ ಸಲ ತಿರುವಿ. ಬೇಸಿಗೆಯಾದರೆ ಪಕ್ಕಕ್ಕೆ ಕುಮಟೆಯ ಸಿಹಿ ಈರುಳ್ಳಿ ಹೆಚ್ಚಿಡಿ. ಅಳ್ವೆಕೋಡಿಯ ಹತ್ತಿರ ಹೆದ್ದಾರಿಯ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕಿ ಮಾರುತ್ತಾರಲ್ಲ, ಅದೇ. ಆ ಈರುಳ್ಳಿಯನ್ನು ಒಗ್ಗರಣೆಗೆ ಬಳಸಿ ಮುಗಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಅದು ಹಸಿಯಾಗಿ ತಿನ್ನುವುದಕ್ಕೆಂದೇ ಇರುವುದು.

ಘಟ್ಟ ಹತ್ತಿದರೆ ಕೇಳುವ ಪ್ರಶ್ನೆ ಅದೇ, ಉತ್ತರ ಬೇರೆ. ಶಿರಸಿಯ ಒಂದು ಊಟದ ಹೋಟೆಲಿನಲ್ಲಿ ಒಂದೆಲಗದ ತಂಬುಳಿ ಬಡಿಸುತ್ತಾರೆ, ಎಲೆ ಈಗ ಕಿತ್ತು ತಂದ ಹಾಗೆ ಹಸಿರು. ನಾನು ಮನೆಯಲ್ಲಿ ಮಾಡಿದ್ದು ಮಾತ್ರ ಪ್ರತಿಸಲ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ‘ಎಲೆಯನ್ನು ಯಾವಾಗ ಬಾಡಿಸುತ್ತೀರಿ?’ ಎಂದು ಬಡಿಸುವವರನ್ನು ಕೇಳಿದೆ. ಅವರು ಒಳಗೆ ಹೋಗಿ ಕೇಳಿಕೊಂಡು ಬಂದು, ‘ಬಾಡಿಸುವುದೇ ಇಲ್ಲವಂತೆ’ ಎಂದರು. ಜೀರಿಗೆ, ಕಾಳುಮೆಣಸು ಮಾತ್ರ ತುಪ್ಪದಲ್ಲಿ ಹುರಿಯುವುದು. ಒಂದೆಲಗ ಹಸಿಯಾಗಿಯೇ ಅರೆಯುವುದು. ದೊಡ್ಡಪತ್ರೆಯ ತಂಬುಳಿಗೆ ಎಲೆ ಬಾಡಿಸಬೇಕು, ನಾನು ಅದನ್ನು ಇದಕ್ಕೂ ಹಚ್ಚಿದ್ದೆ.

ಮಾಡುವುದು ಹೀಗೆ. ಇಪ್ಪತ್ತೈದು ಎಲೆಗಳನ್ನು ಎಳೆಯ ದಂಟುಸಹಿತ ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆಯಿರಿ. ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸನ್ನು ಚೂರು ತುಪ್ಪದಲ್ಲಿ ಹುರಿದು ಪೂರ್ತಿ ಆರಲು ಬಿಡಿ. ಮೂರು ಚಮಚ ತೆಂಗಿನ ತುರಿ, ಉಪ್ಪು, ಒಂದು ಚೂರು ಬೆಲ್ಲ, ಎಲೆ ಎಲ್ಲವನ್ನೂ ತಣ್ಣೀರು ಹಾಕಿ ಅರೆದು, ಒಂದೂವರೆ ಲೋಟ ಹುಳಿಯಾಗದ ಮಜ್ಜಿಗೆಗೆ ಬೆರೆಸಿ. ಕುದಿಸುವಂತಿಲ್ಲ. ಬೇಕಿದ್ದರೆ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಹೆಸರೇ ತಂಪು ಹುಳಿ, ಆದ್ದರಿಂದ ಊಟದ ಮೊದಲಿಗೆ ಬಿಸಿ ಅನ್ನದ ಜೊತೆ ಉಂಡು, ಉಳಿದದ್ದನ್ನು ಕುಡಿಯಿರಿ. ಮಾವಿನ ಕಾಲದಲ್ಲಿ ಅಪ್ಪೆಹುಳಿಗೂ ಇದೇ ಜಾಗ ಸಲ್ಲುತ್ತದೆ. ಬೇಯಿಸಿ ಕಿವುಚಿದ ಮಾವಿನಕಾಯಿ, ಅದಕ್ಕೆ ಮೂರು ಲೋಟ ನೀರು, ಉಪ್ಪು, ಕೊನೆಗೆ ಇಂಗಿನ ಒಗ್ಗರಣೆ.

ಕೊನೆಯ ಹಂತವನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ: ಮನೆಯಲ್ಲಿ ಮಾಡಿದ್ದನ್ನು ಕಲಿಸಿದವರ ಕೈಗೆ ಕೊಡಿ. ಬೆಳಿಗ್ಗೆ ಐದೂವರೆಗೆ ಸಾರು ಕಾಯಿಸಿ, ಸ್ಟೀಲ್ ಡಬ್ಬಿಯಲ್ಲಿ ಕಾರವಾರಕ್ಕೆ ಒಯ್ದು ಹತ್ತು ಗಂಟೆಗೆ ಅಕ್ಕನ ಮುಂದೆ ಇಟ್ಟೆ. ಅವರು ಅಂಗೈಗೆ ಸ್ವಲ್ಪ ಸುರಿದುಕೊಂಡು ನೆಕ್ಕಿದರು. ‘ತೆಫಳ ಸರಿ ಬಂದಿದೆ. ಹುಳಿಯೂ ಸರಿ’ ಎಂದರು. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಸಾರನ್ನು ಉಜ್ಜಿ ನೋಡಿ, ‘ಕಾಯಿ ಇನ್ನೂ ತರಿ ಇದೆಯಲ್ಲ ತಮ್ಮ’ ಎಂದರು.

ಚಿಕ್ಕ ಮಿಕ್ಸರ್ ಇರುವವರಿಗೆ ಈ ತೊಂದರೆ ಬಂದೇ ಬರುತ್ತದೆ. ಈಗ ನಾನು ಹುರಿದ ಮೆಣಸು, ಹುಣಸೆಗಳನ್ನು ಕಾಲು ತಾಸು ಬಿಸಿನೀರಿನಲ್ಲಿ ನೆನೆಸಿ, ಅವನ್ನೇ ಮೊದಲು ಅರೆಯುತ್ತೇನೆ. ಆಮೇಲೆ ತೆಂಗಿನ ತುರಿಯನ್ನು ಎರಡು ಕಂತಿನಲ್ಲಿ, ಕಂತಿಗೆ ನಾಲ್ಕು ಚಮಚಕ್ಕಿಂತ ಹೆಚ್ಚು ನೀರು ಹಾಕದೆ ಸೇರಿಸುತ್ತೇನೆ. ನೀರು ಹೆಚ್ಚಾದರೆ ತೆಂಗು ಬ್ಲೇಡಿಗೆ ಸಿಗದೆ ಬರೀ ಸುತ್ತುತ್ತದೆ. ಒಂದು ನಿಮಿಷ ತಿರುಗಿಸಿ, ಎರಡು ನಿಮಿಷ ನಿಲ್ಲಿಸಿ, ಬದಿಯದನ್ನು ಕೆಳಗೆ ತಳ್ಳಿ ಮತ್ತೆ ತಿರುಗಿಸಿ. ಬೆರಳ ನಡುವೆ ಉಜ್ಜಿದಾಗ ಬೆಣ್ಣೆಯಂತೆ ಜಾರಿದರೆ ನಿಲ್ಲಿಸಿ.